ತೆಂಕಾಯಿ ಗುಂಡಿಯ ಡೊಂಬಯ್ಯ

ಆದಿತ್ಯವಾರ ಬೆಳಿಗ್ಗೆ ಆರು ಗಂಟೆ. ನೆರಿಯದಿಂದ ಒಂದೂವರೆ ಮೈಲಿ ಒಳಗಿರುವ ಅರಸುಗುಂಡಿಯ ಗುಡ್ಡದಲ್ಲಿ ಮಂಜು ಇನ್ನೂ ಗೇರುಮರಗಳ ಸೊಂಟದಿಂದ ಕೆಳಗಿಳಿದಿಲ್ಲ. ಡೊಂಬಯ್ಯ ಒಂದು ಗೇರುಮರಕ್ಕೆ ಹಗ್ಗ ಕಟ್ಟುತ್ತಾನೆ, ಮೂರು ಸಲ ಜಗ್ಗಿ ನೋಡುತ್ತಾನೆ, ತಲೆಯ ಮುಟ್ಟಾಳೆಯನ್ನು ಕಿವಿಯವರೆಗೆ ಎಳೆದುಕೊಂಡು ಗುಂಡಿಗೆ ಇಳಿಯುತ್ತಾನೆ. ಗುಂಡಿ ಹದಿನೇಳು ಅಡಿ ಆಳವಿದೆ. ಎರಡು ವರ್ಷದ ಹಿಂದೆ ಇದೇ ಗುಂಡಿಯನ್ನು ಇಪ್ಪತ್ತು ಅಡಿ ತೋಡಿದವನು ಅವನೇ. ಆಮೇಲೆ ಕಂಪೆನಿಯ ಅಪ್ಪಣೆಯಂತೆ ಮುಚ್ಚಿದವನೂ ಅವನೇ. ಈಗ ಯಾರ ಅಪ್ಪಣೆಯೂ ಇಲ್ಲದೆ, ಸಂಬಳವೂ ಇಲ್ಲದೆ, ವಾರಕ್ಕಿರುವ ಒಂದೇ ರಜೆಯಲ್ಲಿ ಮತ್ತೆ ತೋಡುತ್ತಿದ್ದಾನೆ.

"ತೋಡಿದ್ದನ್ನು ಮುಚ್ಚಿ, ಮುಚ್ಚಿದ್ದನ್ನು ತೋಡುವ ಮರುಳ ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು" ಎಂದು ಕೆಳಗಿನಿಂದ ಹೇಳುತ್ತಾನೆ. ಗುಂಡಿಯೊಳಗಿನಿಂದ ಬಂದಾಗ ಯಾರ ಮಾತಾದರೂ ಸ್ವಲ್ಪ ಗಂಭೀರವಾಗಿ ಕೇಳುತ್ತದೆ. ಡೊಂಬಯ್ಯನ ಮಾತಿನಲ್ಲಿ ಸಿಟ್ಟೂ ಇದೆ.

ಒಮ್ಮೆ ಮುಚ್ಚಿದ ಗುಂಡಿಯನ್ನು ತೋಡುವುದು ಹೊಸ ಗುಂಡಿಗಿಂತ ಕಷ್ಟ. ಮಣ್ಣು ಸಡಿಲ, ಯಾವಾಗ ಬದಿ ಕುಸಿಯುತ್ತದೆಂದು ಹೇಳುವ ಹಾಗಿಲ್ಲ. ಅಡಿಕೆ ಮರದ ಸೀಳುಗಳನ್ನು ಸುತ್ತ ನಿಲ್ಲಿಸಿ, ಬಿದಿರಿನ ಅಡ್ಡ ಕೊಟ್ಟು, ಒಂದೊಂದೇ ಅಡಿ ಇಳಿಯಬೇಕು. ತುಂಬಿದ ಬುಟ್ಟಿಯನ್ನು ಮೇಲಕ್ಕೆ ಎಳೆಯಲು ಒಬ್ಬರು ಬೇಕು. ಆ ಒಬ್ಬರು ಬೀಪಾತುಮ್ಮ. ಐವತ್ತು ದಾಟಿದ ವಿಧವೆ. ಗುಡ್ಡದ ಬುಡದಲ್ಲಿ ಇಪ್ಪತ್ತು ಸೆಂಟ್ಸು ಜಾಗ, ಒಂದು ಹಂಚಿನ ಮನೆ, ಆರು ಆಡು, ಒಂದು ಬಾವಿ. ಡೊಂಬಯ್ಯನ ಮೇಲೆ ಪ್ರೀತಿಯಿಂದ ಬಂದವಳಲ್ಲ.

"ಎಳೆಯುವುದಾ, ಇನ್ನೂ ಉಂಟಾ?" ಎಂದು ಮೇಲಿನಿಂದ ಕೂಗುತ್ತಾಳೆ.

"ಎಳೆಯಿರಿ, ಬೀಪಾತುಮ್ಮಕ್ಕ."

"ಇದು ನೂರಾ ಎಷ್ಟನೇ ಬುಟ್ಟಿ ಡೊಂಬಯ್ಯಣ್ಣ? ನನ್ನ ಗಂಡನ ಕಬರಿಗೂ ಇಷ್ಟು ಮಣ್ಣು ಬಿದ್ದಿರಲಿಲ್ಲ."

ಇವರಿಬ್ಬರ ಆದಿತ್ಯವಾರಗಳನ್ನು ಹೀಗೆ ತಿಂದುಹಾಕಿದ್ದು ಒಂದು ಪದ. ಆ ಪದದ ಕಥೆ ಹೇಳಬೇಕಾದರೆ ಕಂಪೆನಿಯ ಕಥೆಯನ್ನೂ ಹೇಳಬೇಕು.

ಅರಸುಗುಂಡಿ ಎಂಬ ಹೆಸರು ಬಂದದ್ದು ಗುಡ್ಡದ ನೆತ್ತಿಯ ಹಳೆಯ ಹೊಂಡಗಳಿಂದ. ಯಾವುದೋ ಕಾಲದ ಅರಸರು ಇಲ್ಲಿ ಲೋಹ ತೆಗೆಸುತ್ತಿದ್ದರೆಂದು ಊರವರ ಮಾತು. ಬಂಡೆಯ ಮೇಲೆ ಒರಳಿನಂಥ ಕುಳಿಗಳು ಸಾಲಾಗಿವೆ. ಅದುರು ಕುಟ್ಟಿದ ಜಾಗವೆಂದು ತಿಳಿದವರು ಹೇಳುತ್ತಾರೆ, ಬೀಪಾತುಮ್ಮನ ಆಡುಗಳು ಅದರಲ್ಲಿ ಮಳೆನೀರು ಕುಡಿಯುತ್ತವೆ. ಹೊಂಡದ ಸುತ್ತ ಮಣ್ಣು ಕೆದಕಿದರೆ ಕರಿಯ ಕಿಟ್ಟದ ಉಂಡೆಗಳು ಈಗಲೂ ಸಿಗುತ್ತವೆ. ೧೯೬೨ರಲ್ಲಿ ಒಂದು ಖನಿಜ ಕಂಪೆನಿ ಇದನ್ನೆಲ್ಲ ಕೇಳಿಕೊಂಡು ಬಂತು, ಬಂಟ್ವಾಳದ ಪೇಟೆಯಲ್ಲಿ ಆಫೀಸು ತೆರೆಯಿತು, ಮೂರು ಕಡೆ ನೆಲ ಪರೀಕ್ಷಿಸುವ ಲೈಸೆನ್ಸು ಪಡೆಯಿತು. ಕಾಗದದಲ್ಲಿ ಅವಕ್ಕೆ 'ಪ್ರಾಪರ್ಟಿ' ಎಂದು ಹೆಸರು. ಪೊಳಲಿಯ ಹೊಳೆಬದಿಯದು ಚಿನ್ನದ ಪ್ರಾಪರ್ಟಿ. ಮೂಡುಬಿದಿರೆಯ ಆಚೆಯದು ಬೆಳ್ಳಿಯ ಪ್ರಾಪರ್ಟಿ. ಅರಸುಗುಂಡಿಯದು ತಾಮ್ರದ್ದು.

ಮೂರರಲ್ಲೂ ತೋಡಿದವನು ಡೊಂಬಯ್ಯ. ಪೊಳಲಿಯಲ್ಲಿ ಮೂರು ತಿಂಗಳು ಮರಿಗೆಯಲ್ಲಿ ಮರಳು ತೊಳೆದು, ಸಾಸಿವೆಯ ಕಾಲುಭಾಗದಷ್ಟಿರುವ ನಾಲ್ಕು ಚುಕ್ಕೆ ಹಿಡಿದ. ಸರಕಾರ ಚಿನ್ನದ ಕಾನೂನು ತಂದು ಅಕ್ಕಸಾಲಿಗರ ಕೈ ಕಟ್ಟಿದ ವರ್ಷವದು. "ಇದ್ದವರು ಮುಟ್ಟಬಾರದಂತೆ, ಇಲ್ಲದವರು ಹುಡುಕಬೇಕಂತೆ" ಎಂದು ಅವನು ಅಂದಿದ್ದ. ಮೂಡುಬಿದಿರೆಯಲ್ಲಿ ಹನ್ನೊಂದು ಗುಂಡಿ ತೋಡಿದ. ಬೆಳ್ಳಿಯೆಂದು ಹೊಳೆದದ್ದು ಕಾಗೆಬಂಗಾರ. ಅದು ಕಾಗೆಬಂಗಾರವೆಂದು ಮೊದಲ ಬುಟ್ಟಿಯಲ್ಲೇ ಹೇಳಿದ್ದ. ಖಚಿತ ಮಾಡಿಕೊಳ್ಳಲು ಕಂಪೆನಿಗೆ ಇನ್ನೂ ಹತ್ತು ಗುಂಡಿ ಬೇಕಾಯಿತು.

ಮೂರು ವರ್ಷದಲ್ಲಿ ನಲವತ್ತಮೂರು ಗುಂಡಿ. ದಿನಕ್ಕೆ ನೂರಿಪ್ಪತ್ತು ಬುಟ್ಟಿ. ಐದೈದು ಅಡಿಗೆ ಒಂದು ಚೀಲ ಮಾದರಿ. ಚೀಲದ ಬಾಯಿ ಹೊಲಿದು, ಚೀಟಿ ಕಟ್ಟಿ, ಬೆಳ್ತಂಗಡಿಯವರೆಗೆ ತಲೆಹೊರೆ, ಅಲ್ಲಿಂದ ಬಸ್ಸಿನ ಮೇಲೆ ಬಂಟ್ವಾಳ. ಐವತ್ತೆರಡರ ಡೊಂಬಯ್ಯನ ಬೆನ್ನು ಈ ಲೆಕ್ಕವನ್ನು ಚೆನ್ನಾಗಿಯೇ ನೆನಪಿಟ್ಟಿದೆ. ಕಂಪೆನಿ ಬರುವುದಕ್ಕೂ ಮೊದಲು ಅವನದು ಬಾವಿ ತೋಡುವ ಕೆಲಸ. ಎಂಬತ್ತೊಂದು ಬಾವಿ. ಮಣ್ಣನ್ನು ಬೆರಳಿನಲ್ಲಿ ತಿಕ್ಕಿ, ಮೂಸಿ, ನಾಲಿಗೆಗೆ ಹಚ್ಚಿ, "ಮೂವತ್ತು ಅಡಿಗೆ ನೀರುಂಟು" ಎಂದರೆ ಜನ ಹೆಂಡತಿಯ ಬಳೆ ಅಡವಿಟ್ಟು ಬಾವಿ ತೋಡಿಸುತ್ತಿದ್ದರು. ಎಂಬತ್ತೊಂದರಲ್ಲಿ ನೀರಿಲ್ಲದ್ದು ಮೂರು. ಆ ಮೂರರ ಮನೆಯವರ ಹೆಸರನ್ನು ಅವನು ಇವತ್ತಿಗೂ ತಲೆ ತಗ್ಗಿಸಿಯೇ ಹೇಳುತ್ತಾನೆ.

ಮೂರನೇ ಕ್ಲಾಸು ಓದಿದವನಾದ್ದರಿಂದ ಚೀಟಿ ಬರೆಯುವ ಕೆಲಸವೂ ಅವನಿಗೇ ಬಂತು. ಪೆನ್ಸಿಲನ್ನು ನಾಲಿಗೆಗೆ ತಾಗಿಸಿ, ದಪ್ಪ ದಪ್ಪ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದ. ಅಕ್ಷರ ಕನ್ನಡ, ಮಾತು ತುಳು. ಇಲ್ಲಿ ಎಲ್ಲರೂ ಬರೆಯುವುದು ಹಾಗೆಯೇ. ಅರಸರ ಹಳೆಯ ಹೊಂಡದ ನಾಲ್ಕು ದಿಕ್ಕಿನಲ್ಲಿ ನಾಲ್ಕು ಗುಂಡಿ ತೋಡಿದಾಗ ಅವಕ್ಕೆ ದಿಕ್ಕಿನ ಹೆಸರನ್ನೇ ಕೊಟ್ಟ: ಮೂಡಾಯಿ, ಪಡ್ಡಾಯಿ, ಬಡಕಾಯಿ, ತೆಂಕಾಯಿ. ಮೂಡು, ಪಡು, ಬಡಗು, ತೆಂಕು; ಅಂದರೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಇದರಲ್ಲಿ ತಪ್ಪಾಗುವುದಕ್ಕೆ ಏನಿದೆ?

ಬಂಟ್ವಾಳದ ಆಫೀಸಿನ ಗುಮಾಸ್ತರು ತುಮಕೂರಿನ ಕಡೆಯವರು. ರಾಜ್ಯ ಒಂದಾದ ಮೇಲೆ ಘಟ್ಟ ಇಳಿದು ಬಂದವರಲ್ಲಿ ಒಬ್ಬರು. ಮುತ್ತಿನಂಥ ಅಕ್ಷರ, ಕನ್ನಡದ ಮೇಲೆ ಅಭಿಮಾನ. 'ತೆಂಕಾಯಿ ಗುಂಡಿ, ಇಪ್ಪತ್ತು ಅಡಿ' ಎಂಬ ಚೀಟಿ ಕೈಗೆ ಬಂದಾಗ ಅವರಿಗೆ ಮರುಕ ಹುಟ್ಟಿತು. ಪಾಪ, ಹಳ್ಳಿಯವನಿಗೆ ಒತ್ತಕ್ಷರ, ಕಾಗುಣಿತ ಬರುವುದಿಲ್ಲ. ರಿಜಿಸ್ಟರಿನಲ್ಲಿ ಶುದ್ಧ ಮಾಡಿ ಬರೆದರು: 'ತೆಂಗಿನಕಾಯಿ ಗುಂಡಿ.'

ಐದು ತಿಂಗಳ ಮೇಲೆ ಪ್ರಯೋಗಶಾಲೆಯಿಂದ ಉತ್ತರ ಬಂತು. ಅದುವರೆಗೆ ತೋಡಿದ ಗುಂಡಿಗಳ ಪೈಕಿ ಒಂದೇ ಒಂದು ಚೀಲದಲ್ಲಿ ಒಳ್ಳೆಯ ತಾಮ್ರ, ಜೊತೆಗೆ ಬೆಳ್ಳಿಯ ಅಂಶ, ಚಿನ್ನದ ವಾಸನೆ. ಯಾವ ಗುಂಡಿ? ತೆಂಗಿನಕಾಯಿ ಗುಂಡಿ. ಅಷ್ಟರಲ್ಲಿ ಹಳೆಯ ಇಂಜಿನಿಯರರಿಗೆ ವರ್ಗವಾಗಿ ಬೆಂಗಳೂರಿನಿಂದ ಹೊಸಬರು ಬಂದಿದ್ದರು. ಅವರು ಅರಸುಗುಂಡಿಗೆ ಬಂದು ತೆಂಗಿನಮರ ಎಲ್ಲಿದೆ ಎಂದು ಕೇಳಿದರು. ಇಡೀ ಗುಡ್ಡಕ್ಕೆ ತೆಂಗಿನಮರ ಇದ್ದದ್ದು ಬೀಪಾತುಮ್ಮನ ಅಂಗಳದಲ್ಲಿ. ಮರದ ಬುಡದಲ್ಲಿ ಮುಚ್ಚಿದ ಗುಂಡಿಯ ಗುರುತೂ ಇತ್ತು. ಡೊಂಬಯ್ಯ ಹಿಂದೊಮ್ಮೆ ಅಲ್ಲಿ ನಾಲ್ಕಡಿ ತೋಡಿದ್ದು ನಿಜ. ಐದನೆಯ ಅಡಿಗೆ ಬೀಪಾತುಮ್ಮ ಅಂಗಳ ಗುಡಿಸುವ ಹಿಡಿಸೂಡಿ ಹಿಡಿದುಕೊಂಡು ಬಂದಿದ್ದಳು.

"ಸ್ವಾಮಿ, ಇಲ್ಲಿ ನಾಲ್ಕೇ ಅಡಿ ಹೋದದ್ದು" ಎಂದ ಡೊಂಬಯ್ಯ.

"ರಿಜಿಸ್ಟರಲ್ಲಿ ಇಪ್ಪತ್ತು ಅಂತಿದೆ."

"ರಿಜಿಸ್ಟರು ಗುಂಡಿಗೆ ಇಳಿದಿಲ್ಲ ಸ್ವಾಮಿ. ಇಳಿದದ್ದು ನಾನು."

"ನೀನು ಮರೆತಿರಬಹುದು. ತೋಡು."

ತೋಡಿದ. ಮೇಲಿನ ಕೆಂಪು ಮುರಕಲ್ಲು ದಾಟಿತು, ಜೇಡಿಮಣ್ಣು ಬಂತು, ಇಪ್ಪತ್ತು ಅಡಿಗೂ ಜೇಡಿ, ನಲವತ್ತಕ್ಕೂ ಜೇಡಿ. ಒಂದು ಮಳೆಗಾಲ ಕೆಲಸ ನಿಂತು ಮತ್ತೆ ಸುರುವಾಯಿತು. ಅರುವತ್ತೆರಡು ಅಡಿ. ಮರ ಸತ್ತಿತು. ಪಕ್ಕದ ಬಾವಿಯ ನೀರು ಗುಂಡಿಗೆ ಇಳಿಯಿತು, ಕಂಪೆನಿಯ ಪಂಪು ಅದನ್ನು ಎತ್ತಿ ಗುಡ್ಡದ ಬುಡದ ತೋಡಿಗೆ, ಆ ಸಣ್ಣ ಹಳ್ಳಕ್ಕೆ, ಬಿಟ್ಟಿತು. ಬೀಪಾತುಮ್ಮ ಈಗ ತನ್ನದೇ ಬಾವಿಯ ನೀರನ್ನು ತೋಡಿನಿಂದ ಕೊಡಪಾನದಲ್ಲಿ ಹೊತ್ತು ತರುತ್ತಾಳೆ. "ಕಂಪೆನಿಯವರು ಬುದ್ಧಿವಂತರು" ಎನ್ನುತ್ತಾಳೆ. "ನೀರಿದ್ದಲ್ಲಿ ತಾಮ್ರ ಹುಡುಕಿದರು, ನೀರು ಹೋಯಿತು. ಇನ್ನು ತಾಮ್ರವಿದ್ದಲ್ಲಿ ನೀರು ಹುಡುಕುವರು."

ಈ ವರ್ಷದ ಜನವರಿಯಲ್ಲಿ ಇಂಜಿನಿಯರರು ವರದಿ ಬರೆದರು. ಅದರಲ್ಲಿ ಒಂದು ವಾಕ್ಯ: ಮೊದಲಿನ ಮಾದರಿ ನಂಬಿಕೆಗೆ ಯೋಗ್ಯವಲ್ಲ, ಕೂಲಿಯಾಳು ಬೇರೆ ಕಡೆಯ ಕಲ್ಲನ್ನು ಚೀಲಕ್ಕೆ ಹಾಕಿರುವ ಸಂಭವವಿದೆ. ಆದರೂ ಲೈಸೆನ್ಸು ಮುಗಿಯುವ ತನಕ ಎಂದು ಅಂಗಳದ ಗುಂಡಿಯೂ ಪಂಪೂ ಡೊಂಬಯ್ಯನ ಕೂಲಿಯೂ ನಿಲ್ಲಲಿಲ್ಲ. ಸುದ್ದಿ ಜೀಪಿನ ಡ್ರೈವರನ ಬಾಯಿಂದ ಬೆಳ್ತಂಗಡಿಯ ಸಂತೆಗೆ ಬಂತು. ಸಂತೆಯಲ್ಲಿ ಡೊಂಬಯ್ಯನನ್ನು ಕಂಡು ಒಬ್ಬ, "ತಾಮ್ರದ ತೆಂಗಿನಕಾಯಿಗೆ ಏನು ರೇಟು ಮಾರಾಯ?" ಎಂದ. ಡೊಂಬಯ್ಯ ನಕ್ಕುಬಿಟ್ಟ. ಮುಂಡಾಜೆಯಲ್ಲಿ ಗೊತ್ತುಮಾಡಿದ್ದ ಬಾವಿಯ ಕೆಲಸ ಬೇರೆಯವರಿಗೆ ಹೋದಾಗ ನಗು ನಿಂತಿತು. ಆಮೇಲೆ ಇನ್ನೊಂದು ಮನೆಯವರೂ ಸುಮ್ಮನಾದರು. ಮಣ್ಣು ಬದಲಿಸಿದವನೆಂದು ಹೆಸರು ಬಿದ್ದವನು ನೆಲ ಮೂಸಿ ನೀರು ಹೇಳಿದರೆ ಯಾರು ಬಳೆ ಅಡವಿಡುತ್ತಾರೆ?

ಆಗಲೇ ಅವನು ಮೊದಲ ಸಲ ಬಂಟ್ವಾಳದ ಆಫೀಸಿನ ಒಳಗೆ ಕಾಲಿಟ್ಟದ್ದು. ರಿಜಿಸ್ಟರಿನಲ್ಲಿ ಏನು ಬರೆದಿದೆಯೆಂದು ಓದಿ ಹೇಳಿ ಎಂದು ಕೇಳಿದ. ಗುಮಾಸ್ತರು ಓದಿದರು. "ಮೂಡಾಯಿ ಗುಂಡಿ. ಪಡ್ಡಾಯಿ ಗುಂಡಿ. ಬಡಕಾಯಿ ಗುಂಡಿ. ತೆಂಗಿನಕಾಯಿ ಗುಂಡಿ."

ಡೊಂಬಯ್ಯ ರಿಜಿಸ್ಟರಿನ ಆ ಸಾಲಿನ ಮೇಲೆ ಬೆರಳಿಟ್ಟ.

"ಸ್ವಾಮಿ, ಅದು ತೆಂಕಾಯಿ. ತೆಂಕು ದಿಕ್ಕು. ತೆಂಗಿನಕಾಯಿ ಅಲ್ಲ."

"ಹಾಗಾದ್ರೆ ಬಡಕಾಯಿ ಅಂದ್ರೆ?"

"ಬಡಗು ದಿಕ್ಕು."

"ಅಯ್ಯೋ! ನಾನು ಅದೂ ಯಾವುದೋ ತರಕಾರಿ ಅಂತ ತಿಳ್ಕೊಂಡಿದ್ದೆ ಕಣಯ್ಯ. ನಿಮ್ಮ ಕಡೆ ಗುಂಡಿಗೆಲ್ಲ ಕಾಯಿಯ ಹೆಸರಿಡ್ತಾರೆ ಅಂತ."

"ಹಾಗಾದರೆ ತಿದ್ದಿ."

"ತಿದ್ದೋಕೆ ಬರಲ್ಲ. ಪುಟಕ್ಕೆ ನಂಬರು ಹಾಕಿರೋ ಪುಸ್ತಕ ಇದು. ಇಂಜಿನಿಯರ್ ಸಾಹೇಬರು ಬರೆದು ಕೊಟ್ರೆ ತಿದ್ತೀನಿ."

ಇಂಜಿನಿಯರರು, ಪುಸ್ತಕದಲ್ಲಿ ತಿದ್ದುಪಡಿಯಾಗಿ ಬಂದರೆ ಬರೆದು ಕೊಡುತ್ತೇನೆ ಎಂದರು. ಡೊಂಬಯ್ಯ ಆರು ಸಲ ಬಂಟ್ವಾಳಕ್ಕೆ ಹೋಗಿಬಂದ. ಆರನೆಯ ಸಲ ಗುಮಾಸ್ತರು ಚಹಾ ತರಿಸಿಕೊಟ್ಟರು. ಅವರಿಗೂ ಒಳಗೊಳಗೆ ಬೇಸರವಿತ್ತು. ಆದರೆ ಪುಟಗಳಿಗೆ ನಂಬರು ಇತ್ತು. ಲೈಸೆನ್ಸಿನ ಅವಧಿ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ, ಆಫೀಸು ಗಂಟುಮೂಟೆ ಕಟ್ಟುತ್ತದೆ, ಆ ವಾಕ್ಯ ಯಾವುದೋ ಊರಿನ ಕಬ್ಬಿಣದ ಕಪಾಟಿಗೆ ಸೇರಿ ಅಲ್ಲಿಯೇ ಸತ್ಯವಾಗಿ ಉಳಿಯುತ್ತದೆ.

"ಹೋಗಲಿ ಬಿಡಿ ಎಂದು ಊರವರು ಹೇಳುತ್ತಾರೆ" ಎನ್ನುತ್ತಾನೆ ಡೊಂಬಯ್ಯ. "ಬಿಡುವುದು ಹೇಗೆ? ಕಳ್ಳ ಅಂತ ಕಾಗದದಲ್ಲಿ ಉಂಟಲ್ಲ. ಕಾಗದಕ್ಕೆ ಮರೆವು ಇಲ್ಲ. ನನಗೆ ತಾಮ್ರ ಬೇಡ, ಬಕ್ಷೀಸು ಬೇಡ. ಆ ಒಂದು ಸಾಲು ಹೊಡೆದು ಹಾಕಿದರೆ ಸಾಕು."

ಅವನ ಹೆಂಡತಿ ಸೇಸಮ್ಮ ಗಂಜಿ ಬಡಿಸುತ್ತ ಬೇರೆಯೇ ಹೇಳುತ್ತಾಳೆ. "ನಾಲ್ಕನೇ ಕ್ಲಾಸಿಗೆ ಹೋಗಿದ್ದರೆ ದಕ್ಷಿಣ ಅಂತ ಬರೆಯುತ್ತಿದ್ದಿರಿ. ನಿಮ್ಮ ಅಪ್ಪ ಎಮ್ಮೆ ಕಾಯಲು ಕಳಿಸಿದರು. ಈಗ ಎಮ್ಮೆಯೂ ಇಲ್ಲ, ದಕ್ಷಿಣವೂ ಇಲ್ಲ."

ಹೀಗೆ ಫೆಬ್ರವರಿಯ ಮೊದಲ ಆದಿತ್ಯವಾರ ಅವನು ತೆಂಕಾಯಿ ಗುಂಡಿಯನ್ನು ಮತ್ತೆ ತೋಡತೊಡಗಿದ. ಎರಡನೆಯ ವಾರ ಬೀಪಾತುಮ್ಮ ಗುಡ್ಡ ಹತ್ತಿ ಬಂದು, ಕೇಳದೆಯೇ ಹಗ್ಗ ಹಿಡಿದಳು. "ನಿನ್ನ ಮಾನಕ್ಕಾಗಿ ಅಲ್ಲ" ಎಂದಳು. "ತಾಮ್ರ ಇಲ್ಲಿ ಉಂಟು ಅಂತ ಗೊತ್ತಾದರೆ ಅವರು ನನ್ನ ಅಂಗಳ ಬಿಡುತ್ತಾರೆ. ಬಾವಿ ಹಾಳು ಮಾಡಿದವನು ನೀನು. ನಿನ್ನ ಕೈಯಿಂದಲೇ ಸರಿ ಮಾಡಿಸುತ್ತೇನೆ."

ಇವತ್ತು ಆರನೆಯ ಆದಿತ್ಯವಾರ. ಹದಿನೇಳರಿಂದ ಹದಿನೆಂಟು ಅಡಿಗೆ ಬರುವಾಗ ಬಿಸಿಲು ಏರಿದೆ. ಹತ್ತೊಂಬತ್ತಕ್ಕೆ ಒಂದು ಬದಿ ಕುಸಿದು ಮೊಣಕಾಲವರೆಗೆ ಮಣ್ಣು. ಬೀಪಾತುಮ್ಮ ಕೂಗುತ್ತಾಳೆ, ಬೈಯುತ್ತಾಳೆ, ಅಲ್ಲಾಹನನ್ನು ಕರೆಯುತ್ತಾಳೆ. ಡೊಂಬಯ್ಯ ಕಾಲು ಬಿಡಿಸಿಕೊಂಡು, ಅಡಿಕೆ ಸೀಳನ್ನು ಮತ್ತೆ ಒತ್ತಿ ನಿಲ್ಲಿಸಿ, ಬುಟ್ಟಿ ತುಂಬುತ್ತಾನೆ. ಹನ್ನೊಂದು ಗಂಟೆಯ ಹೊತ್ತಿಗೆ ಪಿಕ್ಕಾಸಿನ ಸದ್ದು ಬದಲಾಗುತ್ತದೆ. ಆಮೇಲೆ ಸದ್ದೇ ಇಲ್ಲ.

ಸಡಿಲ ಮಣ್ಣಿನ ಹಿಂದೆ, ಯಾರೂ ಮುಟ್ಟದ ಗಟ್ಟಿ ಗೋಡೆಯಲ್ಲಿ, ಬೆಣಚುಕಲ್ಲಿನ ಒಂದು ಪಟ್ಟಿ. ಹಾರೆಯ ಅಗಲ. ಅದರ ಮೇಲೆ ತೊಳೆಯದ ಹಿತ್ತಾಳೆ ಪಾತ್ರೆಯ ಬಾಯಿಯಲ್ಲಿರುವಂಥ ಹಸಿರು ಕಿಲುಬು. ಡೊಂಬಯ್ಯ ಅದನ್ನು ನೋಡುತ್ತಾನೆ. ಬೆರಳು ಎತ್ತುತ್ತಾನೆ, ಅಭ್ಯಾಸದಂತೆ ತಿಕ್ಕಿ ನಾಲಿಗೆಗೆ ಹಚ್ಚಲು. ಮತ್ತೆ ಕೈ ಇಳಿಸುತ್ತಾನೆ. ಪಿಕ್ಕಾಸನ್ನು ಬುಟ್ಟಿಗೆ ಹಾಕಿ, ಹಗ್ಗ ಹಿಡಿದು, ಬರಿಗೈಯಲ್ಲಿ ಮೇಲೆ ಬರುತ್ತಾನೆ.

"ಸಿಕ್ಕಿತಾ?"

"ಉಂಟು."

"ಎಲ್ಲಿ?"

"ಅಲ್ಲೇ. ಗೋಡೆಯಲ್ಲಿ."

"ತೆಗೆದು ತರುವುದಲ್ಲವಾ ಮಾರಾಯ! ಐದು ವಾರ ನನ್ನ ರಟ್ಟೆ ಮುರಿದದ್ದು ನೀನು ನೋಡಿ ಬರಲಿಕ್ಕಾ?"

"ನಾನು ತೆಗೆದು ತಂದ ಕಲ್ಲಲ್ಲವಾ ಬೀಪಾತುಮ್ಮಕ್ಕ, ಕಳ್ಳಮಾಲು ಆದದ್ದು? ಇದನ್ನು ತಂದುಕೊಟ್ಟರೂ ಎಲ್ಲಿಂದ ತಂದೆ ಎಂದೇ ಕೇಳುವರು. ನಾನು ಮುಟ್ಟುವುದಿಲ್ಲ. ಅವರೇ ಇಳಿಯಲಿ."

ಆಮೇಲೆ ಇಬ್ಬರೂ ಸೇರಿ ಗುಂಡಿಯ ಬಾಯಿಗೆ ಮುಳ್ಳಿನ ಗೆಲ್ಲು ಕಡಿದು ಹಾಕುತ್ತಾರೆ.

ಸೋಮವಾರ ಡೊಂಬಯ್ಯ ಇಂಜಿನಿಯರರು ಇಳಿದುಕೊಂಡಿರುವ ಬೆಳ್ತಂಗಡಿಯ ಬಂಗಲೆಗೆ ಹೋಗಿ ಅವರಿಗೆ ವಿಷಯ ಹೇಳುತ್ತಾನೆ. ಕಲ್ಲು ಎಲ್ಲಿ ಎಂದು ಅವರೂ ಕೇಳುತ್ತಾರೆ. ಗುಂಡಿಯಲ್ಲಿ ಎನ್ನುತ್ತಾನೆ. ತಂದುಕೊಡು ಎನ್ನುತ್ತಾರೆ. ಇಲ್ಲ ಎನ್ನುತ್ತಾನೆ. ಮೂರು ವರ್ಷದಲ್ಲಿ ಡೊಂಬಯ್ಯ ಕಂಪೆನಿಗೆ ಇಲ್ಲ ಎಂದದ್ದು ಇದೇ ಮೊದಲು. ಇಂಜಿನಿಯರರಿಗೆ ಕೋಪ ಬರುತ್ತದೆ. ಆದರೆ ಬರಿಗೈಯಲ್ಲಿ ಬಂದು ನಿಂತ ಕಳ್ಳನನ್ನು ಅವರು ಈವರೆಗೆ ಕಂಡಿಲ್ಲ.

ಮಂಗಳವಾರ ಹತ್ತು ಗಂಟೆಗೆ ಜೀಪು ಗುಡ್ಡದ ಬುಡಕ್ಕೆ ಬರುತ್ತದೆ. ಅಷ್ಟರಲ್ಲಿ ಡೊಂಬಯ್ಯ ಒಮ್ಮೆ ಗುಂಡಿಗಿಳಿದು, ಅಡ್ಡಬಿದಿರುಗಳನ್ನು ಬಿಗಿಮಾಡಿ, ಮೈಯೆಲ್ಲ ಮಣ್ಣು ಮೆತ್ತಿಕೊಂಡು ಹತ್ತಿ ಬಂದಿದ್ದಾನೆ. ಇಂಜಿನಿಯರರು ಈ ತನಕ ಗುಂಡಿಗಳನ್ನು ದಡದಲ್ಲಿ ನಿಂತು, ಟಾರ್ಚು ಬಿಟ್ಟು ನೋಡಿದವರು. ಡೊಂಬಯ್ಯ ಅವರ ಸೊಂಟಕ್ಕೆ ಹಗ್ಗ ಬಿಗಿಯುತ್ತಾನೆ. ಮೂರು ಸಲ ಜಗ್ಗಿ ನೋಡುತ್ತಾನೆ.

"ಬೂಟು ತೆಗೆಯಿರಿ ಸ್ವಾಮಿ. ಜಾರುತ್ತದೆ."

ಬೂಟು ಗೇರುಮರದ ಬುಡದಲ್ಲಿ ಉಳಿಯುತ್ತದೆ. ಬಿಳಿಯ ಪಾದಗಳು ಒಂದೊಂದೇ ಅಡ್ಡಬಿದಿರನ್ನು ಹುಡುಕುತ್ತ ಕತ್ತಲೆಗೆ ಇಳಿಯುತ್ತವೆ. ಹಗ್ಗ ಒಂದು ಕಡೆ ಡೊಂಬಯ್ಯನ ಕೈಯಲ್ಲಿ, ಅವನ ಹಿಂದೆ ಬೀಪಾತುಮ್ಮನ ಕೈಯಲ್ಲಿ. ಕೆಳಗೆ ಟಾರ್ಚಿನ ಬೆಳಕು ಗೋಡೆಯ ಮೇಲೆ ಓಡಾಡುತ್ತದೆ. ಆಮೇಲೆ ಸುತ್ತಿಗೆಯ ಸಣ್ಣ ಸದ್ದು.

"ಡೊಂಬಯ್ಯ, ಇದು ಎಷ್ಟು ಅಡಿ?"

"ಟೇಪು ನಿಮ್ಮ ಹತ್ತಿರವೇ ಉಂಟು ಸ್ವಾಮಿ. ನಾನು ಹೇಳುವುದಿಲ್ಲ."

ಟೇಪಿನ ತುದಿ ದಡಕ್ಕೆ ಬರುತ್ತದೆ, ಡೊಂಬಯ್ಯ ಹಿಡಿದುಕೊಳ್ಳುತ್ತಾನೆ. ಕೆಳಗಿನಿಂದ ದನಿ ಬರುತ್ತದೆ, ಈ ಸಲ ಸ್ವಲ್ಪ ಸಣ್ಣದಾಗಿ: "ಹತ್ತೊಂಬತ್ತೂ ಮುಕ್ಕಾಲು."

ಅವರನ್ನು ಎಳೆದು ಮೇಲೆ ತಂದಾಗ ಮೊಣಕೈಯವರೆಗೆ ಕೆಂಪು ಮಣ್ಣು. ಕರವಸ್ತ್ರದಲ್ಲಿ ಹಸಿರು ಕಿಲುಬಿನ ಒಂದು ತುಂಡು ಕಲ್ಲು. ಬಿಸಿಲಿಗೆ ಹಿಡಿದು ನೋಡುತ್ತಾರೆ, ಡೊಂಬಯ್ಯನನ್ನು ನೋಡುತ್ತಾರೆ, ಗುಡ್ಡದ ಬುಡದ ಸತ್ತ ತೆಂಗಿನಮರದ ಕಡೆಗೂ ಒಮ್ಮೆ ನೋಡುತ್ತಾರೆ. ಇದರಿಂದ ಗಣಿಯಾಗುತ್ತದೋ ಇಲ್ಲವೋ ಹೇಳಲಾಗದು, ಪಟ್ಟಿ ಸಣ್ಣದು, ಲೈಸೆನ್ಸಿಗೆ ಉಳಿದದ್ದು ಎರಡು ವಾರ ಎಂದು ಏನೇನೋ ಹೇಳುತ್ತಾರೆ. ಡೊಂಬಯ್ಯ ಅದಾವುದನ್ನೂ ಕೇಳುತ್ತಿಲ್ಲ.

"ನನ್ನ ಅಂಗಳ?" ಎಂದು ಬೀಪಾತುಮ್ಮ ನಡುವೆ ಬಾಯಿ ಹಾಕುತ್ತಾಳೆ.

"ಮುಚ್ಚಿಸ್ತೀನಮ್ಮ. ಈ ವಾರವೇ." ಆಮೇಲೆ ಅವರು ಡೊಂಬಯ್ಯನ ಕಡೆ ತಿರುಗುತ್ತಾರೆ. "ಆ ವಾಕ್ಯ... ನಾನು ಬರೆದದ್ದು ತಪ್ಪು. ನಾಳೆ ಬಂಟ್ವಾಳಕ್ಕೆ ಹೋಗಿ ಹೊಡೆದು ಹಾಕ್ತೀನಿ."

"ನಾಳೆ ಬೇಡ ಸ್ವಾಮಿ. ಜೀಪು ಇಲ್ಲೇ ಉಂಟು. ನಾನೂ ಬರ್ತೇನೆ."

ಇಂಜಿನಿಯರರು ಗಡಿಯಾರ ನೋಡುತ್ತಾರೆ, ಬೂಟು ಹಾಕಿಕೊಳ್ಳುತ್ತಾರೆ, ಬೇರೆ ದಾರಿ ಕಾಣದೆ ಸರಿ ಎನ್ನುತ್ತಾರೆ. ಡೊಂಬಯ್ಯ ಗುಡ್ಡ ಇಳಿದು ಜೀಪಿನ ಹತ್ತಿರ ಬಂದು ನಿಲ್ಲುತ್ತಾನೆ. ಕಾಲಿಗೆ, ಲುಂಗಿಗೆ, ಗಡ್ಡಕ್ಕೂ ತೆಂಕಾಯಿ ಗುಂಡಿಯ ಮಣ್ಣು. ಡ್ರೈವರ ಸೀಟನ್ನು ನೋಡಿ, ಅವನನ್ನು ನೋಡಿ, ತೋಡಿಗೆ ಹೋಗಿ ತೊಳೆದುಕೊಂಡು ಬಾ ಮಾರಾಯ ಎನ್ನುತ್ತಾನೆ.

"ಇರಲಿ" ಎಂದು ಡೊಂಬಯ್ಯ ಹತ್ತಿ ಕೂರುತ್ತಾನೆ. "ಗುಮಾಸ್ತರು ಮೂರು ವರ್ಷದಿಂದ ಚೀಟಿ ಮಾತ್ರ ನೋಡಿದ್ದು. ಮಣ್ಣು ನೋಡಲಿ."